ಒಂದು ಸಮಿತ್ತು, ಒಂದು ಬೊಗಸೆ ನೀರು

ಹೋಮಕುಂಡದ ಮುಂದೆ ಕುಳಿತ ಯಜಮಾನನು, ಅಂದರೆ ಹೋಮ ಮಾಡಿಸುವವನು, ತಾನೇ ಹೇಳಲೇಬೇಕಾದ ಮಾತು ಬಹಳ ಚಿಕ್ಕದು. ಮಂತ್ರ ಹೇಳುವವರು ಪುರೋಹಿತರು. ಸ್ರುವವೆಂಬ ಮರದ ಸೌಟಿನಲ್ಲಿ ತುಪ್ಪವನ್ನೆತ್ತಿ ಬೆಂಕಿಗೆ ಬಿಡುವವರೂ ಈಗ ಹೆಚ್ಚಿನ ಮನೆಗಳಲ್ಲಿ ಅವರೇ. ಆದರೆ 'ಅಗ್ನಯೇ ಸ್ವಾಹಾ' ಎಂದು ಆಹುತಿ ಬಿದ್ದೊಡನೆ 'ಅಗ್ನಯ ಇದಂ ನ ಮಮ', ಅಂದರೆ 'ಇದು ಅಗ್ನಿಯದು, ನನ್ನದಲ್ಲ' ಎಂಬ ತ್ಯಾಗವಾಕ್ಯವನ್ನು ಯಜಮಾನನೇ ಹೇಳಬೇಕು. ದ್ರವ್ಯ ಅವನದಾದ್ದರಿಂದ ಅದನ್ನು ಬಿಟ್ಟುಕೊಡುವ ಅಧಿಕಾರವೂ ಅವನಿಗೆ ಮಾತ್ರ ಇರುತ್ತದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲ, ಬಾಯಾರು ಸುತ್ತಿನ ಮನೆಗಳಲ್ಲಿ 30 ವರ್ಷಗಳಿಗೂ ಮಿಕ್ಕಿ ವೈದಿಕವೃತ್ತಿ ನಡೆಸುತ್ತಾ ಬಂದಿರುವ ನಾನು, ಈ ಮಾತನ್ನು ಯಜಮಾನರ ಪರವಾಗಿ ಎಷ್ಟೋ ವರ್ಷ ನಾನೇ ಹೇಳಿ ಮುಂದೆ ಹೋಗುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಗಣಹೋಮವಿರಲಿ, ನವಗ್ರಹಶಾಂತಿಯಿರಲಿ, ಆರಂಭಕ್ಕೆ ಮೊದಲು 'ಇದಂ ನ ಮಮ' ಎಂಬ ಮೂರು ಶಬ್ದಗಳ ಅರ್ಥ ತಿಳಿಸಿ, ಅವರ ಬಾಯಿಂದಲೇ ಹೇಳಿಸುತ್ತೇನೆ. ವೈದಿಕ ಜೀವನಕ್ರಮದ ಬೀಜ ಇರುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ.

ದ್ರವ್ಯ, ದೇವತೆ, ತ್ಯಾಗ ಈ ಮೂರು ಸೇರಿದರೆ ಯಾಗ ಎಂದು ಯಜ್ಞವಿಧಿಗಳನ್ನು ತಿಳಿಸುವ ಶ್ರೌತಸೂತ್ರಗಳು ಹೇಳುತ್ತವೆ. ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಕರು ಇದನ್ನು ಇನ್ನಷ್ಟು ಬಿಡಿಸಿದರು. ದೇವತೆಯನ್ನು ಉದ್ದೇಶಿಸಿ ದ್ರವ್ಯದ ಮೇಲಿನ ತನ್ನ ಒಡೆತನವನ್ನು ಮನಸ್ಸಿನಿಂದ ಬಿಡುವುದು ಯಾಗ. ಹಾಗೆ ಬಿಟ್ಟದ್ದನ್ನು ಬೆಂಕಿಗೆ ಹಾಕಿದರೆ ಹೋಮ. ತನ್ನ ಒಡೆತನವನ್ನು ಬಿಟ್ಟು ಅದರ ಮೇಲೆ ಇನ್ನೊಬ್ಬರ ಒಡೆತನವನ್ನು ಉಂಟುಮಾಡಿದರೆ ದಾನ. ಮೂರರಲ್ಲಿಯೂ ತಿರುಳು ಒಂದೇ ಎಂಬುದನ್ನು ಗಮನಿಸಬೇಕು. ಬೆಂಕಿ, ಹೊಗೆ, ತುಪ್ಪ, ದರ್ಭೆ ಎಲ್ಲವೂ ಇದ್ದು 'ನನ್ನದಲ್ಲ' ಎಂಬ ಬಿಡುವಿಕೆ ಇಲ್ಲವೆಂದಾದರೆ, ಶಾಸ್ತ್ರದ ಲೆಕ್ಕದಲ್ಲಿ ಅಲ್ಲಿ ತುಪ್ಪ ಸುಟ್ಟಿತೇ ಹೊರತು ಯಾಗ ನಡೆಯಲಿಲ್ಲ.

ನಾನು ದುಡಿದು ತಂದ ತುಪ್ಪ, ನನ್ನ ತೋಟದ ತೆಂಗಿನಕಾಯಿ ನನ್ನದಲ್ಲವೆಂದರೆ ಮತ್ತೆ ಯಾರದು? ಇದಕ್ಕೆ ವೇದ ಕೊಡುವ ಉತ್ತರ ಋಣ. ಹುಟ್ಟುವಾಗಲೇ ಮನುಷ್ಯನು ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಾಲಗಾರನಾಗಿ ಹುಟ್ಟುತ್ತಾನೆ. ಬ್ರಹ್ಮಚರ್ಯದ ಅಧ್ಯಯನದಿಂದ ಋಷಿಗಳ, ಯಜ್ಞದಿಂದ ದೇವತೆಗಳ, ಸಂತಾನದಿಂದ ಪಿತೃಗಳ ಸಾಲವನ್ನು ತೀರಿಸಬೇಕು ಎಂಬುದು ತೈತ್ತಿರೀಯ ಸಂಹಿತೆಯ ಮಾತು. ಅಲ್ಲಿ ಬ್ರಾಹ್ಮಣನನ್ನು ಕುರಿತು ಹೇಳಿರುವುದು ನಿಜ. ಆದರೆ ಶತಪಥ ಬ್ರಾಹ್ಮಣವೆಂಬ ವೇದಗ್ರಂಥವು ಇದೇ ವಿಷಯವನ್ನು ಎತ್ತಿಕೊಂಡಾಗ 'ಋಣಂ ಹ ವೈ ಜಾಯತೇ ಯೋಽಸ್ತಿ' ಎನ್ನುತ್ತದೆ: ಯಾವನು ಇದ್ದಾನೋ ಅವನು ಋಣವಾಗಿಯೇ ಹುಟ್ಟುತ್ತಾನೆ. ಅಲ್ಲಿ ಮನುಷ್ಯರಿಗೆ ಸಲ್ಲಬೇಕಾದ ನಾಲ್ಕನೆಯ ಋಣವೂ ಸೇರಿಕೊಳ್ಳುತ್ತದೆ. ನನ್ನ ಮಟ್ಟಿಗೆ ಈ ಎರಡನೆಯ ಮಾತೇ ಹಿರಿದು, ಏಕೆಂದರೆ ಇದು ಜಾತಿಯನ್ನಾಗಲಿ ಉಪನಯನವನ್ನಾಗಲಿ ಕೇಳುವುದಿಲ್ಲ, ಇರುವಿಕೆಯನ್ನು ಮಾತ್ರ ಕೇಳುತ್ತದೆ. ಉಸಿರಾಡುವ ಗಾಳಿ, ಆಡುವ ಭಾಷೆ, ಅಜ್ಜ ನೆಟ್ಟ ಹಲಸಿನ ಮರ, ಪಕ್ಕದ ಮನೆಯವರು ಕಷ್ಟದಲ್ಲಿ ತಂದುಕೊಟ್ಟ ಒಂದು ಸೇರು ಅಕ್ಕಿ, ಇವುಗಳಲ್ಲಿ ಒಂದನ್ನೂ ನಾವು ಕ್ರಯ ಕೊಟ್ಟು ಪಡೆದಿರುವುದಿಲ್ಲ.

ಪುಣ್ಯ ಸಂಪಾದಿಸುವುದಕ್ಕೂ ಋಣ ತೀರಿಸುವುದಕ್ಕೂ ಬಹಳ ಅಂತರವಿದೆ. ಪುಣ್ಯಕ್ಕಾಗಿ ಮಾಡುವವನ ಕಣ್ಣು ಬರಬೇಕಾದ ಫಲದ ಮೇಲಿರುತ್ತದೆ; ಋಣ ತೀರಿಸುವವನ ಕಣ್ಣು ಈಗಾಗಲೇ ಬಂದುಹೋದುದರ ಮೇಲಿರುತ್ತದೆ. ದೇವತೆಗಳು ಕೊಟ್ಟದ್ದನ್ನು ಅವರಿಗೆ ಕೊಡದೆ ಉಣ್ಣುವವನು ಕಳ್ಳನೇ ಸರಿ ಎಂದು ಗೀತೆಯ ಮೂರನೆಯ ಅಧ್ಯಾಯದಲ್ಲಿ ಇರುವ ಮಾತು ಕಠಿಣವೆನಿಸಿದರೂ ಋಣದ ದೃಷ್ಟಿಯಿಂದ ನೋಡಿದರೆ ನೇರವಾದ ಲೆಕ್ಕಾಚಾರ. ಮಧೂರಿನ ಗಣಪತಿಗೆ ಅಪ್ಪದ ಹರಕೆ ಹೊತ್ತು ಸಲ್ಲಿಸುವವರ ಭಕ್ತಿಯ ಬಗ್ಗೆ ನನಗೆ ಪೂರ್ಣ ಗೌರವವಿದೆ. ಬೇಡಿದ್ದು ಸಿಗದಿದ್ದಾಗಲೂ ಕೊಡಬೇಕಾದುದು ಉಳಿದೇ ಇರುತ್ತದೆ ಎಂಬ ಒಂದು ತಿಳುವಳಿಕೆ ಮಾತ್ರ ಅದರ ಜೊತೆಗಿರಬೇಕು.

ಇನ್ನು ಅಡುಗೆಮನೆಗೆ ಬರೋಣ. ಈ ತತ್ತ್ವ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಲ್ಲಿ. ಗೃಹಸ್ಥನ ಮನೆಯಲ್ಲಿ ಹಿಂಸೆ ನಡೆಯುವ ಐದು ಸ್ಥಾನಗಳಿವೆ ಎಂದು ಮನುಸ್ಮೃತಿ ಹೇಳುತ್ತದೆ. ಒಲೆ, ಅರೆಯುವ ಕಲ್ಲು, ಹಿಡಿಸೂಡಿ (ಪೊರಕೆ), ಒರಳು ಒನಕೆ ಮತ್ತು ನೀರಿನ ಕೊಡ. ಇವುಗಳಿಗೆ 'ಪಂಚಸೂನಾ' ಎಂದು ಹೆಸರು. ಸೂನಾ ಎಂದರೆ ವಧಾಸ್ಥಾನ. ಮಳೆಗಾಲದಲ್ಲಿ ಒದ್ದೆ ಸೌದೆಯನ್ನು ಒಲೆಗೆ ಒಟ್ಟಿದಾಗ ಅದರ ತೊಗಟೆಯೊಳಗಿಂದ ಬಿಳಿ ಮೊಟ್ಟೆಗಳನ್ನು ಕಚ್ಚಿಕೊಂಡು ಇರುವೆಗಳು ಸಾಲುಗಟ್ಟಿ ಹೊರಗೆ ಬರುವುದನ್ನು ನೋಡಿದವರಿಗೆ ಈ ಶಬ್ದವನ್ನು ವಿವರಿಸಬೇಕಾಗಿಲ್ಲ. ಕೆಲವು ಇರುವೆಗಳು ಬೂದಿಯ ಕಡೆಗೆ ಓಡಿ ಪಾರಾಗುತ್ತವೆ, ಕೆಲವು ಬೆಂಕಿಯ ಕಡೆಗೇ ಓಡುತ್ತವೆ. ಇಂದು ಒಲೆಯ ಜಾಗದಲ್ಲಿ ಗ್ಯಾಸ್ ಬಂದಿದೆ, ಕಡೆಯುವ ಕಲ್ಲಿನ ಜಾಗದಲ್ಲಿ ಮಿಕ್ಸಿ ಬಂದಿದೆ. ಹಿಂಸೆ ಮನೆಯಿಂದ ದೂರ ಹೋಗಿ ಕಣ್ಣಿಗೆ ಬೀಳದಂತಾಗಿದೆ, ಅಷ್ಟೇ. ಬದುಕುವುದೆಂದರೆ ಬೇರೆ ಜೀವಗಳ ಮೇಲೆ ಭಾರ ಹಾಕುವುದು ಎಂಬ ಸತ್ಯವನ್ನು ಸ್ಮೃತಿಕಾರರು ಮುಚ್ಚಿಡಲಿಲ್ಲ. ಅದಕ್ಕೆ ಪರಿಹಾರವಾಗಿ ಹೇಳಿದ್ದೇ ಪಂಚಮಹಾಯಜ್ಞ: ದೇವಯಜ್ಞ, ಪಿತೃಯಜ್ಞ, ಭೂತಯಜ್ಞ, ಮನುಷ್ಯಯಜ್ಞ, ಬ್ರಹ್ಮಯಜ್ಞ.

'ಮಹಾಯಜ್ಞ' ಎಂಬ ಹೆಸರನ್ನು ಕೇಳಿದವರು ದೊಡ್ಡ ಚಪ್ಪರ, ಹತ್ತು ಮಂದಿ ಋತ್ವಿಜರು, ಲಕ್ಷಗಟ್ಟಲೆ ಖರ್ಚು ಎಂದು ಭಾವಿಸುತ್ತಾರೆ. ಶ್ರುತಿ ವಿಧಿಸಿದ ಅಳತೆಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಬೆಂಕಿಗೆ ಒಂದು ಸಮಿತ್ತನ್ನು, ಅಂದರೆ ಹೋಮದ ಒಂದು ಕಡ್ಡಿಯನ್ನು, ಹಾಕಿದರೂ ದೇವಯಜ್ಞ ಪೂರ್ಣವಾಗುತ್ತದೆ, ಒಂದು ಋಕ್ಕನ್ನು ಓದಿದರೂ ಬ್ರಹ್ಮಯಜ್ಞ ಪೂರ್ಣವಾಗುತ್ತದೆ ಎನ್ನುತ್ತದೆ ತೈತ್ತಿರೀಯ ಆರಣ್ಯಕ. ಮನುಷ್ಯರಿಗೆ ಒಂದು ಪಾತ್ರೆ ನೀರು ಕೊಟ್ಟರೂ ಸಾಕು, ಪಿತೃಗಳಿಗೆ 'ಸ್ವಧಾ' ಎಂದು ನೀರು ಬಿಟ್ಟರೂ ಸಾಕು ಎನ್ನುತ್ತದೆ ಶತಪಥ. ಅಳತೆಯಲ್ಲಿ ಇಷ್ಟು ಉದಾರವಾದ ವೇದವು ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿ ಕೊಡುವುದಿಲ್ಲ. ಇವು ಪ್ರತಿದಿನ ನಡೆಯಬೇಕು. ವರ್ಷಕ್ಕೊಮ್ಮೆ ಅದ್ದೂರಿಯಾಗಿ ಹೋಮ ಮಾಡಿಸಿ ಉಳಿದ ದಿನಗಳಲ್ಲಿ ಒಂದು ಬೊಗಸೆ ನೀರನ್ನೂ ಯಾರಿಗೂ ಎತ್ತಿಡದವರು ವಿಧಿಯನ್ನು ತಲೆಕೆಳಗು ಮಾಡಿಕೊಂಡಿದ್ದಾರೆ ಎಂದು ನಾನು ಯಜಮಾನರ ಮುಖಕ್ಕೇ ಹೇಳಿದ್ದುಂಟು. ಪುರೋಹಿತನಾಗಿ ಇದನ್ನು ಹೇಳುವುದು ನನ್ನ ಕರ್ತವ್ಯವೆಂದೇ ತಿಳಿದಿದ್ದೇನೆ.

ಪಿತೃಯಜ್ಞದ ಬಗ್ಗೆ ಗಡಿನಾಡಿನಲ್ಲಿ ಮೇಲಿಂದ ಮೇಲೆ ಬರುವ ಪ್ರಶ್ನೆಯೊಂದಿದೆ. ನಾವು ಕನ್ನಡ ಮನೆಗಳವರು ಅಪ್ಪ ಅಮ್ಮನ ಶ್ರಾದ್ಧವನ್ನು ತಿಥಿ ಹಿಡಿದು ಮಾಡುತ್ತೇವೆ. ಆಡುಮಾತಿನಲ್ಲಿ ಶ್ರಾದ್ಧಕ್ಕೆ 'ತಿಥಿ' ಎಂದೇ ಹೆಸರು. ಮಲಯಾಳಿ ನೆರೆಯವರು ನಕ್ಷತ್ರ ಹಿಡಿದು ಮಾಡುತ್ತಾರೆ; ಕರ್ಕಾಟಕ ಅಮಾವಾಸ್ಯೆಯ ದಿನ ಬೇಕಲದ ಬಳಿಯ ತ್ರಿಕ್ಕನ್ನಾಡಿನ ಕಡಲ ತೀರದಲ್ಲಿ ಬಲಿಯಿಡಲು ಸೇರುತ್ತಾರೆ. ಯಾವುದು ಸರಿ ಎಂದು ಕೇಳುವವರಿಗೆ ನನ್ನ ಉತ್ತರ, ನಿಮ್ಮ ಹಿರಿಯರು ಯಾವ ದಾರಿಯಲ್ಲಿ ತಮ್ಮ ಹಿರಿಯರಿಗೆ ಕೊಟ್ಟರೋ ಅದೇ ದಾರಿಯಲ್ಲಿ ನೀವು ಅವರಿಗೆ ಕೊಡಿ ಎಂದು. ಎಳ್ಳು, ನೀರು, ಅನ್ನ, ದರ್ಭೆ ಎರಡೂ ಕಡೆ ಇವೆ. ಪಿಂಡದ ಅಗುಳನ್ನು ಹುಡುಕಿ ಬರುವ ಕಾಗೆಯೂ ಎರಡೂ ಕಡೆ ಇದೆ.

ಭೂತಯಜ್ಞದ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ನಮ್ಮ ಊರಿನಲ್ಲಿ ಭೂತವೆಂದೊಡನೆ ಮನಸ್ಸಿಗೆ ಬರುವುದು ದೈವ, ಕೋಲ, ಭಂಡಾರ. ಇಲ್ಲಿ ಆ ಅರ್ಥವಲ್ಲ, ಉಂಟಾಗಿರುವುದೆಲ್ಲ ಭೂತ. ಇರುವೆ, ನಾಯಿ, ಹಕ್ಕಿ ಇವುಗಳಿಗಾಗಿ ಅನ್ನದ ಬಲಿಯನ್ನು ನೆಲದ ಮೇಲೆ ಇಡುವುದು ವೈಶ್ವದೇವವೆಂಬ ನಿತ್ಯಕರ್ಮದ ಅಂಗ. ಆದರೆ ಬಲಿಯನ್ನಿಟ್ಟು ಕೈತೊಳೆದರೆ ಭೂತಋಣ ಮುಗಿಯಿತೆಂದು ತಿಳಿಯಲು ಈ ನೆಲದವರಾದ ನಮಗೆ ಸಾಧ್ಯವಿಲ್ಲ. ಎಣ್ಮಕಜೆ ಮತ್ತು ಸುತ್ತಲಿನ ಗ್ರಾಮಗಳ ಗೇರುತೋಟಗಳ ಮೇಲೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕವನ್ನು ಸಿಂಪಡಿಸಲಾಯಿತು. ಜೇನುನೊಣಗಳು ಸತ್ತವು, ಮಕ್ಕಳು ಅಂಗವೈಕಲ್ಯದಿಂದ ನರಳಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿಯೇ ಅದರ ಬಳಕೆಯನ್ನು ತಡೆಯಿತು. ಅಂಥ ಮನೆಗಳಿಗೆ ನಾನು ಶಾಂತಿಕರ್ಮಕ್ಕೆ ಹೋಗಿದ್ದೇನೆ. 'ಪೃಥಿವೀ ಶಾಂತಿಃ, ಆಪಃ ಶಾಂತಿಃ, ಓಷಧಯಃ ಶಾಂತಿಃ' ಎಂದು ಹೇಳುವಾಗ ಮಂಚದ ಮೇಲೆ ಮಲಗಿದ್ದ ಮಗುವಿನ ಕಡೆಗೆ ನೋಡಲು ನನಗೆ ಧೈರ್ಯವಾಗಲಿಲ್ಲ. ನೀರಿಗೂ ಗಿಡಗಳಿಗೂ ಶಾಂತಿಯನ್ನು ಬೇಡುವ ಆ ಮಂತ್ರವನ್ನು ಅಂದಿನಿಂದ ನಾನು ಅಭ್ಯಾಸಬಲದಿಂದ ಹೇಳಿಲ್ಲ.

ಮತ್ತೊಂದು ಪ್ರಸಂಗವನ್ನೂ ಇಲ್ಲಿ ಹೇಳಬೇಕು. ನಮ್ಮ ಕಡೆ ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು ಸುರಂಗ ತೋಡುತ್ತಾರೆ. ಒಸರಿದ ನೀರು ಯಾವ ಯಂತ್ರವೂ ಇಲ್ಲದೆ ತಾನಾಗಿಯೇ ಹರಿದು ಕೆರೆಗೆ ಬರುತ್ತದೆ. ಕೆರೆ ತುಂಬಿ ಮಿಕ್ಕ ನೀರು ಕೆಳಗಿನ ತೋಟದವರಿಗೆ ಸೇರುವುದು ಹಿಂದಿನಿಂದಲೂ ಬಂದ ರೂಢಿ. ಒಂದು ಮನೆಯಲ್ಲಿ ಬೆಳಿಗ್ಗೆ ಗಣಹೋಮ ಮುಗಿಸಿ ಊಟಕ್ಕೆ ಕುಳಿತಿದ್ದಾಗ ಯಜಮಾನರು, "ಭಟ್ರೇ, ಕೆಳಗೆ ಹೋಗುವ ನೀರನ್ನು ತಿರುಗಿಸಿ ಟ್ಯಾಂಕಿಗೆ ತುಂಬಿಸಬೇಕೆಂದಿದ್ದೇನೆ, ಒಂದು ಒಳ್ಳೆಯ ದಿನ ನೋಡಿಕೊಡಿ" ಎಂದರು. ಸುರಂಗ ಅವರದು, ಗುಡ್ಡವೂ ಅವರ ಪಟ್ಟಾದ್ದು. ಅರ್ಧ ಗಂಟೆಯ ಹಿಂದೆ ಎಂಟು ದ್ರವ್ಯಗಳ ಆಹುತಿಗೆ ಅವರು ತಮ್ಮ ಬಾಯಿಂದಲೇ 'ನ ಮಮ' ಎಂದಿದ್ದರು. ನಾನು ಪಂಚಾಂಗ ತೆಗೆಯಲಿಲ್ಲ. "ಬೆಳಿಗ್ಗೆ ಬೆಂಕಿಗೆ ಬಿಟ್ಟ ಅವಲಕ್ಕಿ, ಅರಳು ಕೂಡ ನಿಮ್ಮ ಹಣದ್ದೇ ಆಗಿತ್ತು" ಎಂದಷ್ಟೇ ಹೇಳಿದೆ. ಅವರು ಸುಮ್ಮನೆ ಉಂಡು ಎದ್ದರು. ಆ ನೀರು ಈಗ ಎತ್ತ ಹರಿಯುತ್ತಿದೆಯೆಂದು ನಾನು ವಿಚಾರಿಸಲು ಹೋಗಿಲ್ಲ. ದಿನ ಕೇಳಿ ಅವರು ಮತ್ತೆ ಬರಲಿಲ್ಲ.

ಮೋಕ್ಷದ ಆಸೆಯುಳ್ಳವರಿಗೆ ಈ ಸಾಲದ ಮಾತು ಸಣ್ಣದೆನಿಸಬಹುದು. ಮೂರು ಋಣಗಳನ್ನು ತೀರಿಸಿದ ಬಳಿಕವೇ ಮನಸ್ಸನ್ನು ಮೋಕ್ಷದಲ್ಲಿ ನಿಲ್ಲಿಸಬೇಕು ಎಂದು ಮನು ಹೇಳಿದರೆ, ಯಾವ ದಿನ ವೈರಾಗ್ಯ ಬಂತೋ ಅಂದೇ ಹೊರಡಬಹುದು ಎಂದು ಜಾಬಾಲೋಪನಿಷತ್ತು ಹೇಳುತ್ತದೆ. ಇವೆರಡರ ನಡುವೆ ವಿರೋಧವಿದೆಯೆಂದು ನನಗನಿಸುವುದಿಲ್ಲ. ನಿಜವಾಗಿ ವಿರಕ್ತನಾದವನಿಗೆ 'ನನ್ನದು' ಎಂದು ಹಿಡಿದುಕೊಳ್ಳಲು ಏನೂ ಉಳಿದಿರುವುದಿಲ್ಲ. ಅವನ ಇಡೀ ಬದುಕೇ ತ್ಯಾಗವಾಕ್ಯವಾಗಿರುತ್ತದೆ. ನಮ್ಮಂಥ ಗೃಹಸ್ಥರು ಅದೇ ಮಾತನ್ನು ದಿನಕ್ಕಿಷ್ಟು ಎಂದು ಅಭ್ಯಾಸ ಮಾಡುತ್ತೇವೆ. ಗುರಿ ಒಂದೇ ಆದ್ದರಿಂದ ಗೃಹಸ್ಥನ ದಾರಿ ಕೀಳೆಂದು ಯಾರೂ ಕುಗ್ಗಬೇಕಾಗಿಲ್ಲ.

ಈಗ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಅನುಕೂಲದ ಕುರಿತಾದವು. ಮಂಗಳೂರಿನ ಫ್ಲ್ಯಾಟಿನಲ್ಲಿ ಅಗ್ನಿಯನ್ನು ಹೇಗೆ ಇರಿಸಿಕೊಳ್ಳುವುದು, ಕೊಲ್ಲಿ ರಾಷ್ಟ್ರದಲ್ಲಿ ರಾತ್ರಿಪಾಳಿಯ ಕೆಲಸ ಮಾಡುವವರು ಯಾವ ಹೊತ್ತಿಗೆ ಸಂಧ್ಯೆ ಮಾಡುವುದು ಎಂದು ಕೇಳುತ್ತಾರೆ. ಕಾಲ ತಪ್ಪಿದ ಸಂಧ್ಯೆಗೆ ಪ್ರಾಯಶ್ಚಿತ್ತಾರ್ಘ್ಯವನ್ನು ವಿಧಿಯೇ ಹೇಳಿದೆ, ಆದುದರಿಂದ ಬಿಡುವುದಕ್ಕಿಂತ ತಡವಾಗಿ ಮಾಡುವುದು ಮೇಲು. ಅಗ್ನಿ ಇಲ್ಲದ ಮನೆಯಲ್ಲಿಯೂ ಒಂದು ಸೂಕ್ತವನ್ನು ಓದಲು, ಬಂದವರಿಗೆ ನೀರು ಬೆಲ್ಲ ಕೊಡಲು ಅಡ್ಡಿಯಿಲ್ಲ.

ಆದರೆ ನೀರ್ಚಾಲಿನ ಬಳಿಯ ಮನೆಯೊಂದರಲ್ಲಿ ಒಬ್ಬಂಟಿಯಾಗಿರುವ ವೃದ್ಧೆಯೊಬ್ಬರು ಕೇಳಿದ ಪ್ರಶ್ನೆ ಬೇರೆಯೇ ಆಗಿತ್ತು. ಮದುವೆಯಾಗಿ ಬಂದ ದಿನದಿಂದಲೂ ಅವರು ಅನ್ನ ಬಸಿದೊಡನೆ ಮೊದಲ ನಾಲ್ಕು ಅಗುಳನ್ನು ಒಲೆಯ ಬೆಂಕಿಗೆ ಹಾಕಿ ಆಮೇಲೆಯೇ ಬಡಿಸುತ್ತಿದ್ದವರು. ಮಕ್ಕಳು ಒಲೆ ತೆಗೆಸಿ ಗ್ಯಾಸ್ ಇರಿಸಿದ್ದರು. "ಭಟ್ರೇ, ಅನ್ನ ಹಾಕಿದರೆ ಬರ್ನರ್ ಕಟ್ಟಿಕೊಳ್ಳುತ್ತದೆ, ಹಾಕದಿದ್ದರೆ ನನಗೆ ಉಣ್ಣಲು ಮನಸ್ಸು ಬರುವುದಿಲ್ಲ. ಇನ್ನು ಎಲ್ಲಿ ಇಡಲಿ?" ಎಂದು ಕೇಳಿದರು. ತುಳಸಿಕಟ್ಟೆಯ ಅಂಚಿನಲ್ಲಿಡಿ, ಅಮ್ಮ, ತಿನ್ನಲು ಬರುವವರು ಬರುತ್ತಾರೆ ಎಂದು ಹೇಳಿ ಬಂದೆ. ಮುಂದಿನ ವರ್ಷ ಅವರ ಯಜಮಾನರ ತಿಥಿಗೆ ಹೋದಾಗ ನೋಡಿದೆ. ಕಟ್ಟೆಯ ಅಂಚಿನಲ್ಲಿ ಅನ್ನದ ನಾಲ್ಕು ಅಗುಳಿದ್ದವು, ಅವುಗಳ ಪಕ್ಕದಲ್ಲಿ ನಾನು ಹೇಳದೇ ಇದ್ದ ಒಂದು ತೆಂಗಿನ ಗೆರಟೆ ಇತ್ತು, ಅದರ ತುಂಬ ನೀರಿತ್ತು.