ವಿಮಾನದ ಟಾಯ್ಲೆಟ್ ನೆಲದ ಮೇಲಿರುವುದು ನೀರೇನಾ?

ಪ್ರಶ್ನೆ: ಅಕ್ಕನ ಬಾಣಂತನಕ್ಕೆ ಅಂತ ಅಮ್ಮ ಮುಂದಿನ ತಿಂಗಳು ಅಮೆರಿಕಕ್ಕೆ ಹೊರಟಿದ್ದಾರೆ. ವಿಮಾನ ಹತ್ತುತ್ತಿರುವುದು ಇದೇ ಮೊದಲು. ನಾನು ಹೋದಾಗೆಲ್ಲ ನೋಡಿದ್ದೇನೆ, ಊಟ ಆದ ಮೇಲೆ ಟಾಯ್ಲೆಟ್ ನೆಲ ಪೂರ್ತಿ ಒದ್ದೆ. ಜನ ಸಾಕ್ಸ್ ಹಾಕಿಕೊಂಡೇ ಒಳಗೆ ಹೋಗಿ ಬರುತ್ತಾರೆ. ಅದು ನಿಜವಾಗಿ ನೀರೇನಾ? ಅಮ್ಮನಿಗೆ ಏನು ಹೇಳಿ ಕಳಿಸಲಿ?

ಉತ್ತರ: ಸ್ವಲ್ಪ ನೀರು, ಸ್ವಲ್ಪ ನೀವು ಅನುಮಾನ ಪಟ್ಟಿದ್ದೇ. ಯಾವುದು ಎಷ್ಟಿದೆ ಅಂತ ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಹಾಗಾಗಿ ಎಲ್ಲವೂ ಅದೇ ಅಂದುಕೊಂಡು ಕಾಲಿಡುವುದು ವಾಸಿ.

ನೆಲ ಒದ್ದೆಯಾಗುವುದು ಎರಡು ದಾರಿಯಲ್ಲಿ. ಮೊದಲನೆಯದು ಗಂಡಸರದ್ದು. ವಿಮಾನ ಅಲುಗಾಡುತ್ತಿರುವಾಗ ನಿಂತುಕೊಂಡು ಉಚ್ಚೆ ಹೊಯ್ಯುವುದು ಅಂದರೆ ಘಾಟಿ ಹತ್ತುತ್ತಿರುವ ಬಸ್ಸಿನಲ್ಲಿ ನಿಂತು ಲೋಟಕ್ಕೆ ಕಾಫಿ ಬಗ್ಗಿಸಿದ ಹಾಗೆ, ಎಷ್ಟು ಗುರಿ ಇಟ್ಟರೂ ನಾಲ್ಕು ಹನಿ ಆಚೆ ಬಿದ್ದೇ ಬೀಳುತ್ತದೆ. ನಾಲ್ಕು ಹನಿ ದೊಡ್ಡ ವಿಷಯವಲ್ಲ. ಆದರೆ 180 ಸೀಟಿನ ಎ320 ವಿಮಾನದಲ್ಲಿ ಸಾಮಾನ್ಯವಾಗಿ ಇರುವುದು ಮೂರೇ ಟಾಯ್ಲೆಟ್. ಒಂದೊಂದಕ್ಕೂ ಅರವತ್ತು ಜನ ಅಂತ ಇಟ್ಟುಕೊಂಡು ಆ ನಾಲ್ಕು ಹನಿಯನ್ನು ನೀವೇ ಗುಣಿಸಿ. ಗಂಡಸರು ವಿಮಾನದಲ್ಲಾದರೂ ಕೂತುಕೊಂಡು ಮುಗಿಸಬಹುದು, ಯಾರೂ ನೋಡುವುದಿಲ್ಲ.

ಎರಡನೆಯದು ನಿಜವಾದ ನೀರು. ಇದು ನಮ್ಮದು. ವಿಮಾನದ ಟಾಯ್ಲೆಟ್ ಮಾಡಿದವರು ಕಾಗದದಲ್ಲಿ ಒರೆಸಿಕೊಳ್ಳುವವರು, ನಾವು ತೊಳೆದುಕೊಳ್ಳುವವರು. ಒಳಗೆ ಜೆಟ್ ಸ್ಪ್ರೇ ಇಲ್ಲ, ಚೊಂಬು ಇಲ್ಲ. ಸಿಂಕು ನೋಡಿದರೆ ಬೋಗುಣಿಯಷ್ಟಿದೆ. ಆಗ ಜನ ಏನು ಮಾಡುತ್ತಾರೆ? ಕುಡಿಯಲು ಕೊಟ್ಟ ಪೇಪರ್ ಲೋಟದಲ್ಲೋ ಬಾಟಲಿಯಲ್ಲೋ ನೀರು ಹಿಡಿದುಕೊಂಡು ಹೋಗುತ್ತಾರೆ. ಅದು ತಪ್ಪೇನೂ ಅಲ್ಲ, ನಾನೂ ಹಾಗೇ ಮಾಡುತ್ತೇನೆ. ಆದರೆ ಎಡಗಡೆ ಗೋಡೆ, ಬಲಗಡೆ ಗೋಡೆ, ಮೊಣಕೈ ಆಡಿಸಲು ಜಾಗವಿಲ್ಲ, ಅಂಥ ಕಡೆ ಮನೆಯ ಬಚ್ಚಲಿನ ಕೈ ಬೀಸಿದರೆ ಅರ್ಧ ಬಾಟಲಿ ನೆಲದಲ್ಲಿರುತ್ತದೆ.

ಮನೆಯ ಬಚ್ಚಲಿನಲ್ಲಿ ನೀರು ಚೆಲ್ಲಿದರೆ ಅದು ತಾನಾಗಿಯೇ ತೂಬಿನ ಕಡೆಗೆ ಹರಿದು ಹೋಗುತ್ತದೆ, ಗಾರೆಯವರು ನೆಲವನ್ನು ವಾಟ ಕೊಟ್ಟೇ ಮಾಡಿರುತ್ತಾರೆ. ವಿಮಾನದ ಟಾಯ್ಲೆಟ್ ನೆಲ ಅಂಚು ಎತ್ತಿದ ತಟ್ಟೆಯ ಥರ. ತೂಬು ಇಲ್ಲ. ಬಿದ್ದ ನೀರು ಅಲ್ಲೇ ಇರುತ್ತದೆ, ಇಲ್ಲ ಮುಂದಿನವರ ಕಾಲಿಗೆ ಅಂಟಿಕೊಂಡು ನಡುವಿನ ದಾರಿಯ ಕಾರ್ಪೆಟ್ ಸೇರುತ್ತದೆ. ಕ್ಯಾಬಿನ್ ಸಿಬ್ಬಂದಿ ಆಗಾಗ ಒಳಗೆ ಹೋಗಿ ನೋಡುತ್ತಾರೆ, ಟಿಶ್ಯೂ ತುಂಬುತ್ತಾರೆ, ನೆಲಕ್ಕೆ ಕಾಗದ ಹಾಕಿ ಒತ್ತುತ್ತಾರೆ. ಅಷ್ಟೇ. ಅವರ ಹತ್ತಿರ ಬಕೆಟ್ಟು, ಮಾಪು ಇರುವುದಿಲ್ಲ.

ವಿಮಾನಕ್ಕೂ ಈ ನೀರು ಅಂದರೆ ಆಗುವುದಿಲ್ಲ. ಟಾಯ್ಲೆಟ್ ಮತ್ತು ಅಡುಗೆ ಜಾಗದ ಕೆಳಗಿನ ತೊಲೆಗಳಿಗೆ ತುಕ್ಕು ಬೇಗ ಹಿಡಿಯುತ್ತದೆ ಅನ್ನುವುದು ರಿಪೇರಿ ಮಾಡುವವರಿಗೆಲ್ಲ ಗೊತ್ತಿರುವ ಮಾತು. 2008ರ ಜನವರಿಯಲ್ಲಿ ಲಂಡನ್ನಿನಿಂದ ಬ್ಯಾಂಕಾಕ್‌ಗೆ ಬರುತ್ತಿದ್ದ ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ 747 ವಿಮಾನದಲ್ಲಿ ನೀರು ಕೆಳಗಿನ ಎಲೆಕ್ಟ್ರಿಕಲ್ ಪೆಟ್ಟಿಗೆಗಳಿಗೆ ಇಳಿದು ಹೆಚ್ಚುಕಡಿಮೆ ಕರೆಂಟೇ ಹೋಗಿಬಿಟ್ಟಿತ್ತು. ಪುಣ್ಯಕ್ಕೆ ಬ್ಯಾಂಕಾಕ್ ಹತ್ತಿರದಲ್ಲೇ ಇತ್ತು, ಸುರಕ್ಷಿತವಾಗಿ ಇಳಿಯಿತು. ಅದು ಪ್ರಯಾಣಿಕರು ಚೆಲ್ಲಿದ ನೀರಲ್ಲ, ಅಡುಗೆ ಜಾಗದ ಡ್ರೈನ್ ಉಕ್ಕಿ ಬಂದ ನೀರು. ಆದರೂ ವಿಮಾನದ ನೆಲದ ಕೆಳಗೆ ಏನೇನಿರುತ್ತದೆ ಅಂತ ಗೊತ್ತಿರಲಿ ಅಂತ ಹೇಳಿದೆ.

ಇನ್ನು ಕಮೋಡಿಗೆ ಏನೇನೋ ಹಾಕುವವರ ಕಥೆ. ಈಗಿನ ವಿಮಾನಗಳಲ್ಲಿರುವುದು ನಿರ್ವಾತದಲ್ಲಿ ಎಳೆಯುವ ಫ್ಲಶ್. ಜೇಮ್ಸ್ ಕೆಂಪರ್ ಅನ್ನುವವರು 1975ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು, ಬೋಯಿಂಗ್ ವಿಮಾನಕ್ಕೆ ಬಂದಿದ್ದು 1982ರಲ್ಲಿ. ಮನೆಯ ಫ್ಲಶ್ ನೀರಿನಿಂದ ತಳ್ಳುತ್ತದೆ, ಇದು ಗಾಳಿಯಿಂದ ಎಳೆಯುತ್ತದೆ. ಅದಕ್ಕೇ ಅರ್ಧ ಲೀಟರಿಗಿಂತ ಕಡಿಮೆ ನೀರಲ್ಲಿ ಮುಗಿದುಹೋಗುತ್ತದೆ. ಎಲ್ಲವೂ ಹೋಗಿ ಒಂದು ಟ್ಯಾಂಕಿಗೆ ಸೇರುತ್ತದೆ, ಇಳಿದ ಮೇಲೆ ಗಾಡಿ ಬಂದು ಖಾಲಿ ಮಾಡಿಕೊಂಡು ಹೋಗುತ್ತದೆ. (ಆಕಾಶದಿಂದ ಕೆಳಗೆ ಬಿಡುತ್ತಾರೆ ಅನ್ನುವುದು ಸುಳ್ಳು. ಸಿಂಕಿನಲ್ಲಿ ಕೈ ತೊಳೆದ ನೀರು ಮಾತ್ರ ಬಹಳಷ್ಟು ವಿಮಾನಗಳಲ್ಲಿ ಹೊರಗೇ ಹೋಗುತ್ತದೆ.) ಪೈಪುಗಳು ಸಣ್ಣವು. ಬಟ್ಟೆ ಹಾಕಿದರೆ ಸಿಕ್ಕಿಹಾಕಿಕೊಳ್ಳದೆ ಇನ್ನೇನಾಗುತ್ತದೆ?

2025ರ ಮಾರ್ಚ್‌ನಲ್ಲಿ ಚಿಕಾಗೋದಿಂದ ದೆಹಲಿಗೆ ಹೊರಟ ಏರ್ ಇಂಡಿಯಾ ವಿಮಾನಕ್ಕೆ ಆಗಿದ್ದೂ ಇದೇ. ಹೊರಟು ಎರಡು ಗಂಟೆ ಆಗುವ ಮೊದಲೇ ಒಂದೊಂದೇ ಟಾಯ್ಲೆಟ್ ಕೈಕೊಡಲು ಶುರುವಾಯಿತು. ಹನ್ನೆರಡರಲ್ಲಿ ಎಂಟು ಬಂದ್. ಅಷ್ಟರಲ್ಲಿ ಅಟ್ಲಾಂಟಿಕ್ ಮೇಲಿದ್ದರು. ಯುರೋಪಿನ ಬಹಳಷ್ಟು ವಿಮಾನ ನಿಲ್ದಾಣಗಳಲ್ಲಿ ರಾತ್ರಿ ಇಳಿಯಲು ನಿರ್ಬಂಧ, ಹಾಗಾಗಿ ತಿರುಗಿಸಿಕೊಂಡು ಮತ್ತೆ ಚಿಕಾಗೋಗೇ ಹೋದರು. ಸುಮಾರು ಹತ್ತು ಗಂಟೆ ಹಾರಿ ಹೊರಟಲ್ಲಿಗೇ ಬಂದು ಇಳಿದ ಹಾಗಾಯಿತು. ಬಿಚ್ಚಿ ನೋಡಿದರೆ ಪೈಪಿನಲ್ಲಿ ಪ್ಲಾಸ್ಟಿಕ್ ಕವರ್, ಚಿಂದಿ, ಬಟ್ಟೆ ಇತ್ತು ಅಂತ ಕಂಪನಿಯೇ ಹೇಳಿತು. ಹಿಂದೆ ಬೇರೆ ವಿಮಾನಗಳಲ್ಲಿ ಹೊದಿಕೆ, ಒಳಉಡುಪು, ಡೈಪರ್ ಕೂಡ ಸಿಕ್ಕಿದ್ದವಂತೆ. ಹೊದಿಕೆಯನ್ನು ಫ್ಲಶ್ ಮಾಡಬಹುದು ಅಂತ ಅನಿಸಿದವರ ತಲೆಯಲ್ಲಿ ಏನಿತ್ತೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಈಗ ಸಾಕ್ಸ್‌ಗೆ ಬರೋಣ. ನನಗೆ ತಮಾಷೆ ಅನಿಸುವುದು ಇದು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ಯಾರಾದರೂ ಬರಿ ಸಾಕ್ಸ್‌ನಲ್ಲಿ ಹೋಗುತ್ತಾರಾ? ಮನೆಯಲ್ಲೇ ಎಷ್ಟೋ ಜನ ಬಚ್ಚಲಿಗೆ ಅಂತ ಬೇರೆ ಚಪ್ಪಲಿ ಇಟ್ಟುಕೊಂಡಿರುತ್ತೇವೆ. ಅದೇ ಜನ ವಿಮಾನದಲ್ಲಿ, ಕಾಲು ಊದಿಕೊಂಡಿದೆ ಅಂತ ಶೂ ಬಿಚ್ಚಿ, ಸೀದಾ ಆ ನೆಲದ ಮೇಲೆ ನಿಂತು ಬಂದು, ಆಮೇಲೆ ಅದೇ ಕಾಲನ್ನು ಮುಂದಿನ ಸೀಟಿನವರ ಕೈ ಇಡುವ ಜಾಗಕ್ಕೆ ಚಾಚಿ ಮಲಗುತ್ತಾರೆ. ನೆಲ ಹೊಳೆಯುತ್ತಿದೆ, ಎಸಿ ಇದೆ, ಟಿಕೆಟ್ಟಿಗೆ ಲಕ್ಷ ಕೊಟ್ಟಿದ್ದೇವೆ, ಅಂದಮೇಲೆ ಗಲೀಜು ಇರಲ್ಲ ಅಂತ ಅಂದುಕೊಳ್ಳುತ್ತಾರೇನೋ.

ಕಾಲಿಗೆ ತಾಗಿದರೆ ರೋಗ ಬರುತ್ತದಾ? ಗಾಯ, ಬಿರುಕು ಇಲ್ಲದ ಕಾಲಿಗೆ ಭಯ ಕಮ್ಮಿ. ಅಮ್ಮನ ಹಿಮ್ಮಡಿ ಒಡೆದಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಹುಷಾರಾಗಿರಬೇಕು. ನಿಜವಾದ ತೊಂದರೆ ಕೈಯಿಂದ. ಬಾಗಿಲ ಚಿಲಕ, ಫ್ಲಶ್ ಗುಂಡಿ, ನಲ್ಲಿ, ಆಮೇಲೆ ಊಟದ ಟ್ರೇ. ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದವರು 2014ರಲ್ಲಿ ವಿಮಾನದೊಳಗಿನ ವಸ್ತುಗಳ ಮೇಲೆ ಬ್ಯಾಕ್ಟೀರಿಯಾ ಬಿಟ್ಟು ನೋಡಿದ್ದರು. ಸೀಟಿನ ಹಿಂದಿನ ಚೀಲದ ಬಟ್ಟೆಯ ಮೇಲೆ, ಎಷ್ಟೋ ಆಂಟಿಬಯೋಟಿಕ್ಕಿಗೆ ಬಗ್ಗದ ಬ್ಯಾಕ್ಟೀರಿಯಾ ಎಂಆರ್‌ಎಸ್‌ಎ 168 ಗಂಟೆ, ಅಂದರೆ ಒಂದು ವಾರ ಬದುಕಿತ್ತು. ಕೈ ಇಡುವ ಜಾಗದ ಮೇಲೆ, ಭೇದಿ ತರುವ ಇ. ಕೋಲಿ 96 ಗಂಟೆ. ಜನ ಆ ಚೀಲದಲ್ಲೇ ಬಳಸಿದ ಟಿಶ್ಯೂ ತುರುಕುವುದು, ನಾವು ಅದರಲ್ಲೇ ಕನ್ನಡಕ ಇಡುವುದು. ಹಾಂ, ಸ್ಯಾನಿಟೈಸರ್ ಒಂದೇ ಸಾಕು ಅಂದುಕೊಳ್ಳಬೇಡಿ. ವಾಂತಿ ಭೇದಿ ತರುವ ನೋರೋವೈರಸ್ ಅದಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು. ಗಾಳಿಯ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ, ಟಾಯ್ಲೆಟ್ಟಿನ ಗಾಳಿಯನ್ನು ನೇರ ಹೊರಗೆ ಬಿಡುತ್ತಾರೆ.

ಅಮ್ಮನಿಗೆ ಏನು ಹೇಳಬೇಕು ಅಂತ ಕೇಳಿದಿರಲ್ಲ, ನಮ್ಮ ದೊಡ್ಡಮ್ಮನ ವಿಷಯ ಹೇಳುತ್ತೇನೆ. ಹಾಸನದವರು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನಾನೇ ಜೊತೆಗಿದ್ದೆ. ತಿಂಡಿ ಆದ ಮೇಲೆ ಹತ್ತು ಜನರ ಸಾಲಿನಲ್ಲಿ ನಿಂತು ಒಳಗೆ ಹೋದವರು ಅರ್ಧ ನಿಮಿಷಕ್ಕೇ ಹೊರಗೆ ಬಂದರು. ಕಾಟನ್ ಸೀರೆಯ ಅಂಚು ಒಂದು ಗೇಣು ಒದ್ದೆ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಕಿವಿ ಹತ್ತಿರ ಬಂದು, "ಒಳಗೆ ಯಾರೋ ಎಮ್ಮೆ ತೊಳೆದಿದಾರೆ ಕಣೋ" ಅಂದರು. ಆಮೇಲೆ ಇಳಿಯುವ ತನಕ ನೀರೇ ಕುಡಿಯಲಿಲ್ಲ. ಅದು ಇನ್ನೂ ಕೆಟ್ಟದ್ದು. ವಿಮಾನದೊಳಗಿನ ಗಾಳಿ ಮೊದಲೇ ಒಣ, ಆ ವಯಸ್ಸಿನವರು ಹತ್ತು ಗಂಟೆ ಬಾಯಿ ಕಟ್ಟಿ ಕೂರಬಾರದು.

ಅದಕ್ಕೇ ಅಮ್ಮನಿಗೆ ಸೀರೆ ಬೇಡ, ಚೂಡಿದಾರವೋ ಪ್ಯಾಂಟೋ ಇರಲಿ. ಒಪ್ಪದಿದ್ದರೆ ನೆರಿಗೆ ಎತ್ತಿ ಕಟ್ಟಿಕೊಂಡು ಹೋಗಲು ಹೇಳಿ. ಊಟದ ಗಾಡಿ ಬರುವ ಮೊದಲೇ ಒಂದು ಸಲ ಹೋಗಿ ಬರಲಿ, ಆಗ ಸಾಲು ಇರುವುದಿಲ್ಲ, ನೆಲವೂ ಒಣಗಿರುತ್ತದೆ. ಖಾಲಿ ಬಾಟಲಿ ಒಂದನ್ನು ಬ್ಯಾಗಿನಲ್ಲಿ ಹಾಕಿಕೊಡಿ, ಸೆಕ್ಯುರಿಟಿ ದಾಟಿದ ಮೇಲೆ ತುಂಬಿಸಿಕೊಳ್ಳಬಹುದು. ತೊಳೆದುಕೊಳ್ಳುವಾಗ ಪೂರ್ತಿ ಕೂತು, ನಿಧಾನಕ್ಕೆ, ನೀರು ಕಮೋಡಿನ ಒಳಗೇ ಬೀಳುವ ಹಾಗೆ. ಚೆಲ್ಲಿದರೆ ಅಲ್ಲೇ ಇರುವ ಪೇಪರ್ ಟವೆಲ್ ಎರಡು ತೆಗೆದು ಕಾಲಲ್ಲಿ ಒತ್ತಿ, ಎತ್ತಿ ಕಸದ ಬಾಯಿಗೆ ಹಾಕಿದರಾಯಿತು, ಕಮೋಡಿಗಲ್ಲ. ಮುಚ್ಚಳ ಮುಚ್ಚಿ ಆಮೇಲೆ ಗುಂಡಿ ಒತ್ತಲಿ. ಢಬ್ ಅಂತ ಜೋರು ಸದ್ದು ಬರುತ್ತದೆ ಅಂತ ಮೊದಲೇ ಹೇಳಿಡಿ, ಏನೋ ಮುರಿದುಹೋಯಿತು ಅಂತ ಗಾಬರಿ ಬೀಳುತ್ತಾರೆ. ಚಿಲಕ ಸರಿಸಿದರೆ ಮಾತ್ರ ಒಳಗಿನ ಲೈಟು ಪೂರ್ತಿ ಹತ್ತುತ್ತದೆ ಅನ್ನುವುದನ್ನೂ ಹೇಳಿ.

ಕಾಲಿಗೆ ರಬ್ಬರ್ ಚಪ್ಪಲಿ. ದೊಡ್ಡಮ್ಮ ವಾಪಸ್ ಬರುವಾಗ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹವಾಯಿ ಚಪ್ಪಲಿಯನ್ನು ಕಾಲ ಹತ್ತಿರವೇ ಇಟ್ಟುಕೊಂಡಿದ್ದರು. ಒಂದು ಸಲ ಹೋಗಿ ಬಂದಿದ್ದೇ ತಡ, ಪಕ್ಕದಲ್ಲಿ ಸಾಕ್ಸ್ ಹಾಕಿಕೊಂಡು ಕೂತಿದ್ದ ಆರಡಿ ಹುಡುಗ, "ಆಂಟಿ, ಒಂದ್ನಿಮಿಷ ಅದನ್ನ ಕೊಡ್ತೀರಾ?" ಅಂದ. ಹಿಮ್ಮಡಿ ಪೂರ್ತಿ ಹೊರಗೆ ಚಾಚಿಕೊಂಡಿದ್ದರೂ ಪಟಪಟ ಸದ್ದು ಮಾಡುತ್ತಾ ಹೋದ. ಬಂದ ಮೇಲೆ ತಳವನ್ನು ಟಿಶ್ಯೂನಲ್ಲಿ ಒರೆಸಿ ಕೊಟ್ಟ.