ಇಪ್ಪತ್ತೈದು ಕಾರ್ಟ್‌ಗಳ ಕಥೆ

ಒಂದು ಶಾಪಿಂಗ್ ಆ್ಯಪ್. 'ಕಾರ್ಟ್‌ಗೆ ಹಾಕಿ' ಒತ್ತಿದರೆ ಕೆಲಸ ಆಗುತ್ತಿತ್ತು, ಎರರ್ ಇಲ್ಲ. ಆದರೆ ಪುಟದ ಮೇಲಿನ ಪಟ್ಟಿಯಲ್ಲಿ ಕಾರ್ಟ್‌ನ ಲೆಕ್ಕ ಮಾತ್ರ ಸೊನ್ನೆ! ಆ್ಯಪ್ ಕಟ್ಟಿದ್ದು ಆ್ಯಂಗುಲರ್ ಅನ್ನುವ ವೆಬ್ ಫ್ರೇಮ್‌ವರ್ಕ್‌ನಲ್ಲಿ. ಅದರ ಕೋಡ್ ಮುಂದೆ ಅರ್ಧ ದಿನ ಕೂತೆ.

ಕಾರ್ಟ್ ಸರ್ವಿಸ್‌ನಲ್ಲಿ, ಅಂದರೆ ಕಾರ್ಟ್‌ನ ಲೆಕ್ಕ ಇಟ್ಟುಕೊಳ್ಳುವ ಕೋಡ್‌ನಲ್ಲಿ, 'ಪ್ರೊವೈಡೆಡ್‌ಇನ್ ರೂಟ್' ಅಂತ ಸರಿಯಾಗೇ ಇತ್ತು. ಅಂದರೆ ಇಡೀ ಆ್ಯಪ್‌ಗೆ ಒಂದೇ ಪ್ರತಿ. ಪರದೆಯ ಒಂದೊಂದು ತುಂಡಿಗೆ ಕಾಂಪೊನೆಂಟ್ ಅಂತಾರೆ. ಆದರೆ ಯಾರೋ ಪ್ರಾಡಕ್ಟ್ ಕಾರ್ಡ್ ಕಾಂಪೊನೆಂಟಿನ 'ಪ್ರೊವೈಡರ್ಸ್' ಸಾಲಿನಲ್ಲೂ ಅದೇ ಹೆಸರು ಸೇರಿಸಿದ್ದರು. ಈ ಸಾಲಿನಲ್ಲಿ ಹೆಸರಿದ್ದರೆ ಪ್ರತಿ ಕಾರ್ಡಿಗೂ ಸರ್ವಿಸಿನ ಬೇರೆ ಪ್ರತಿ ಹುಟ್ಟುತ್ತದೆ. ಸುಮ್ನೆ, ಇರಲಿ ಅಂತ. ಪುಟದಲ್ಲಿ 24 ಕಾರ್ಡ್ ಇದ್ದವು. 24 ಕಾರ್ಟ್ ಹುಟ್ಟಿದವು, ಮೇಲಿನದು ಸೇರಿ 25! ಒತ್ತಿದ್ದು ಕಾರ್ಡಿನ ಕಾರ್ಟ್‌ಗೆ ಬೀಳುತ್ತಿತ್ತು, ಮೇಲಿನ ಪಟ್ಟಿ ತನ್ನ ಖಾಲಿ ಕಾರ್ಟ್ ನೋಡುತ್ತಿತ್ತು.

ಇದರ ಹಿಂದಿರುವುದು ಡಿಪೆಂಡೆನ್ಸಿ ಇಂಜೆಕ್ಷನ್. ಅಂದರೆ ಕಾಂಪೊನೆಂಟ್ ತನಗೆ ಬೇಕಾದ ಸರ್ವಿಸನ್ನು 'ನ್ಯೂ' ಅಂತ ತಾನೇ ಸೃಷ್ಟಿಸುವುದಿಲ್ಲ, 'ನನಗೆ ಇದು ಬೇಕು' ಅಂತ ಕೇಳುತ್ತದೆ. ಇಷ್ಟನ್ನು ಎಲ್ಲರೂ ಹೇಳಿಕೊಡುತ್ತಾರೆ. ಯಾರನ್ನು ಕೇಳುತ್ತದೆ ಅನ್ನುವುದನ್ನು ಹೇಳುವವರು ಕಮ್ಮಿ. ಆ್ಯಂಗುಲರ್ ಮೊದಲು ಆ ಕಾಂಪೊನೆಂಟಿನಲ್ಲೇ ಹುಡುಕುತ್ತದೆ, ಆಮೇಲೆ ಅದರ ಪೇರೆಂಟ್‌ನಲ್ಲಿ, ಹೀಗೆ ಹತ್ತುತ್ತಾ ಕೊನೆಗೆ ರೂಟ್‌ಗೆ ಹೋಗುತ್ತದೆ. ಮೊದಲು ಸಿಕ್ಕಿದ್ದೇ ಗಟ್ಟಿ. ಎಲ್ಲೂ ಸಿಗದಿದ್ದರೆ 'ನೋ ಪ್ರೊವೈಡರ್' ಎರರ್. ಅಪಾರ್ಟ್‌ಮೆಂಟಿನ ಮೇಲೆ ಒಂದೇ ಟ್ಯಾಂಕ್ ಇದ್ದರೂ, ಮನೆಯೊಳಗೆ ಡ್ರಮ್ ಇಟ್ಟುಕೊಂಡವರು ಮೊದಲು ಡ್ರಮ್ಮಿಗೇ ಕೈ ಹಾಕುತ್ತಾರೆ, ಅಲ್ವಾ?

ಹಾಗಂತ ಡ್ರಮ್, ಅಂದರೆ ಕಾಂಪೊನೆಂಟಿನದೇ ಪ್ರತಿ, ತಪ್ಪಲ್ಲ. ಎರಡು ಅರ್ಜಿ ಫಾರ್ಮ್ ಅಕ್ಕಪಕ್ಕ ತೆರೆದಿವೆ ಅಂದುಕೊಳ್ಳಿ. ಅರ್ಧ ತುಂಬಿದ ವಿವರ ಒಂದರಿಂದ ಇನ್ನೊಂದಕ್ಕೆ ಸೋರಬಾರದು. ಅಲ್ಲಿ ಡ್ರಾಫ್ಟ್ ಸರ್ವಿಸ್ ಕಾಂಪೊನೆಂಟಿನಲ್ಲೇ ಇರಬೇಕು. ಫಾರ್ಮ್ ಮುಚ್ಚಿದಾಗ ಸರ್ವಿಸೂ ಅದರ ಜೊತೆಗೇ ಹೋಗುತ್ತದೆ. ರೂಟ್‌ನಲ್ಲಿದ್ದದ್ದು ಪುಟ ರಿಫ್ರೆಶ್ ಆಗುವವರೆಗೂ ಉಳಿಯುತ್ತದೆ. ಲಾಗಿನ್ ಆದವರ ಮಾಹಿತಿಗೆ ಅದೇ ಸರಿ, ಅರ್ಧ ತುಂಬಿದ ಫಾರ್ಮಿಗೆ ಅಲ್ಲ.

2022ರ ಆ್ಯಂಗುಲರ್ 14ರಿಂದ, ಬೇಕಾದ ಸರ್ವಿಸ್‌ಗಳ ಉದ್ದದ ಪಟ್ಟಿಯನ್ನು ಕನ್‌ಸ್ಟ್ರಕ್ಟರ್‌ನಲ್ಲಿ (ಕಾಂಪೊನೆಂಟ್ ಹುಟ್ಟುವಾಗ ಓಡುವ ಕೋಡ್) ಬರೆಯದೆ, ಫೀಲ್ಡ್ (ಕಾಂಪೊನೆಂಟಿನ ವೇರಿಯಬಲ್) ಸಾಲಿನಲ್ಲೇ 'ಇಂಜೆಕ್ಟ್' ಕರೆಯಬಹುದು. ನನಗೆ ಇದು ಇಷ್ಟ. ಆದರೆ ಬಟನ್ ಒತ್ತಿದಾಗ ಓಡುವ ಫಂಕ್ಷನ್ನಿನೊಳಗೆ ಅದನ್ನು ಕರೆದರೆ ಎರರ್ ಬರುತ್ತದೆ. ಹೊಸಬರು ಇಲ್ಲಿ ಎಡವುವುದೇ ಜಾಸ್ತಿ.

ಟೆಸ್ಟಿಂಗ್‌ನಲ್ಲೂ ಲಾಭವಿದೆ. ಪೇಮೆಂಟ್ ಸರ್ವಿಸ್ ಕೇಳಿದ ಕಾಂಪೊನೆಂಟಿಗೆ ಟೆಸ್ಟ್‌ನಲ್ಲಿ ನಕಲಿ ಸರ್ವಿಸ್ ಕೊಟ್ಟರೂ ಅದಕ್ಕೆ ಗೊತ್ತಾಗುವುದಿಲ್ಲ. ದುಡ್ಡೂ ಕಟ್ ಆಗುವುದಿಲ್ಲ.

ಆ ಕಾರ್ಟ್ ವಿಷಯಕ್ಕೆ ಬಂದರೆ, ಪ್ರೊವೈಡರ್ಸ್‌ನಿಂದ ಒಂದು ಹೆಸರು ಅಳಿಸಿದೆ, ಅಷ್ಟೇ. ಸೊನ್ನೆ ಒಂದಾಯಿತು.