ಡೀಸೆಲ್ ಟ್ರಕ್ಕಿಗೆ ಹೊಸ ಕ್ಯಾಮ್: ಲೆಕ್ಕ ಶುರುವಾಗುವುದು ಆರ್‌ಪಿಎಂನಿಂದ

ಅಮೆರಿಕದ ಡಾಜ್ ರಾಮ್ ಟ್ರಕ್ಕುಗಳಿಗೆ 1989ರಲ್ಲಿ ಕಮಿನ್ಸ್ ಕಂಪನಿಯ 5.9 ಲೀಟರ್ ಡೀಸೆಲ್ ಎಂಜಿನ್ ಬಂತು. ಸಾಲಾಗಿ ಆರು ಸಿಲಿಂಡರ್, 102 ಮಿ.ಮೀ. ಬೋರ್, 120 ಮಿ.ಮೀ. ಸ್ಟ್ರೋಕ್. ಮೊದಲು ಸಿಲಿಂಡರಿಗೆ ಎರಡೇ ವಾಲ್ವ್ ಇತ್ತು, 1998ರ ನಡುವಿನಿಂದ ನಾಲ್ಕಾಯಿತು. ಇದೇ ಮನೆತನದ ಎಂಜಿನ್ ಜಮ್‌ಶೆಡ್‌ಪುರದ ಟಾಟಾ ಕಮಿನ್ಸ್‌ನಲ್ಲಿಯೂ ತಯಾರಾಗಿ ನಮ್ಮ ಹೆದ್ದಾರಿಗಳ ಟಾಟಾ ಲಾರಿಗಳಲ್ಲಿ ಓಡಿದೆ. ಹಾಗಾಗಿ ಇಲ್ಲಿನ ಡೀಸೆಲ್ ಮೆಕ್ಯಾನಿಕ್‌ಗಳಿಗೆ ಇದರ ಒಳಗುಟ್ಟು ಹೊಸದೇನಲ್ಲ. ಅಮೆರಿಕದಲ್ಲಿ ಮಾತ್ರ ಮಾಲೀಕರು ಇದಕ್ಕೆ ದೊಡ್ಡ ಟರ್ಬೊ, ದೊಡ್ಡ ಇಂಜೆಕ್ಟರ್ ಕೂರಿಸಿ ಕಾರ್ಖಾನೆ ಕೊಟ್ಟದ್ದಕ್ಕಿಂತ ಎಷ್ಟೋ ಪಟ್ಟು ಶಕ್ತಿ ತೆಗೆಯುತ್ತಾರೆ. ಆ ಹಾದಿಯಲ್ಲಿ ಒಂದಲ್ಲ ಒಂದು ದಿನ ಕ್ಯಾಮ್‌ಶಾಫ್ಟ್, ಅಂದರೆ ತನ್ನ ಮೈಮೇಲಿನ ಉಬ್ಬುಗಳಿಂದ (ಲೋಬ್) ವಾಲ್ವುಗಳನ್ನು ತೆರೆಯುವ ದಂಡ, ಬದಲಿಸುವ ಮಾತು ಬರುತ್ತದೆ.

ಆಗ ಮೊದಲು ಕೇಳಿಕೊಳ್ಳಬೇಕಾದದ್ದು ಎಷ್ಟು ದೊಡ್ಡ ಕ್ಯಾಮ್ ಎಂದಲ್ಲ. ಟ್ರಕ್ ದಿನದ ಬಹುಪಾಲು ಯಾವ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಓಡುತ್ತದೆ, ಹಿಂದೆ ಎಷ್ಟು ಲೋಡ್ ಇರುತ್ತದೆ ಎಂದು. ಟ್ರೇಲರ್ ಎಳೆಯುವ ಗಾಡಿ 1600ರಿಂದ 2400 ಆರ್‌ಪಿಎಂ ಒಳಗೇ ಬದುಕುತ್ತದೆ. ಅದಕ್ಕೆ ರೇಸಿನ ಕ್ಯಾಮ್ ಹಾಕಿದರೆ ಚಡಾವಿನಲ್ಲಿ ಎಳೆತ ಸಾಯುತ್ತದೆ, ಕಪ್ಪು ಹೊಗೆ ಮಾತ್ರ ಉಳಿಯುತ್ತದೆ.

ಈ ಎಂಜಿನ್ನಿನ ಕ್ಯಾಮ್‌ಗಳನ್ನು 178/208, 188/220 ಎಂಬಂಥ ಜೋಡಿ ಸಂಖ್ಯೆಗಳಿಂದ ಗುರುತಿಸುತ್ತಾರೆ. ಲೋಬಿನ ಮೇಲೆ ಕೂತು ಏರಿಳಿಯುವ ಟ್ಯಾಪೆಟ್ 0.050 ಇಂಚು, ಅಂದರೆ 1.27 ಮಿ.ಮೀ. ಎದ್ದಲ್ಲಿಂದ ಮತ್ತೆ ಅಲ್ಲಿಗೇ ಇಳಿಯುವವರೆಗೆ ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗಿತು ಎಂಬ ಲೆಕ್ಕ ಅದು. ಮೊದಲ ಸಂಖ್ಯೆ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವಿನದು, ಎರಡನೆಯದು ಸುಟ್ಟ ಅನಿಲ ಹೊರಬಿಡುವ ಎಕ್ಸಾಸ್ಟ್‌ನದು. ಚಿಕ್ಕ ಜೋಡಿ ಎಳೆತದ ಗಾಡಿಗೆ, ದೊಡ್ಡದು ಮೇಲಿನ ಆರ್‌ಪಿಎಂನಲ್ಲಿ ದುಡಿಯುವ ಗಾಡಿಗೆ. ಆದರೆ ಎಷ್ಟು ಹೊತ್ತು ತೆರೆದಿತ್ತು ಎನ್ನುವುದಕ್ಕಿಂತ ಯಾವಾಗ ಮುಚ್ಚಿತು ಎನ್ನುವುದೇ ಡೀಸೆಲ್‌ನಲ್ಲಿ ದೊಡ್ಡ ವಿಷಯ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಅದುಮಿ ಹುಟ್ಟಿಸಿದ ಕಾವಿಗೇ ಇಂಧನ ಹೊತ್ತಬೇಕು. ಪಿಸ್ಟನ್ ಮೇಲೇರಲು ಶುರುವಾದ ಮೇಲೂ ಇನ್‌ಟೇಕ್ ವಾಲ್ವ್ ತೆರೆದೇ ಇದ್ದರೆ ಒಳಗೆ ಬಂದ ಗಾಳಿಯಲ್ಲಿ ಒಂದು ಪಾಲು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ವೇಗ ಹೆಚ್ಚಿದ್ದಾಗ, ಟರ್ಬೊ ಒತ್ತುತ್ತಿದ್ದಾಗ, ಗಾಳಿ ತನ್ನ ರಭಸಕ್ಕೇ ಒಳನುಗ್ಗುತ್ತಿರುವುದರಿಂದ ತಡವಾಗಿ ಮುಚ್ಚಿದರೆ ಲಾಭವೇ. ಸ್ಟಾರ್ಟರ್ ತಿರುಗಿಸುವ ನಿಧಾನದಲ್ಲಿ ಆ ರಭಸವೂ ಇಲ್ಲ, ಟರ್ಬೊ ಗಾಳಿಗೆ ಕೊಡುವ ಒತ್ತಡವಾದ ಬೂಸ್ಟೂ ಇಲ್ಲ. ಕಂಪ್ರೆಷನ್ ಕುಗ್ಗುತ್ತದೆ, ಕಾವು ಸಾಲುವುದಿಲ್ಲ. ಚಳಿಯ ಬೆಳಿಗ್ಗೆ ಎಂಜಿನ್ ಕೆಮ್ಮುತ್ತಾ, ಹೊತ್ತದ ಡೀಸೆಲನ್ನು ಬಿಳಿ ಹೊಗೆಯಾಗಿ ಉಗುಳುತ್ತದೆ. ಆದ್ದರಿಂದ ಕ್ಯಾಮ್ ಕೊಳ್ಳುವಾಗ ಇನ್‌ಟೇಕ್ ಮುಚ್ಚುವ ಡಿಗ್ರಿಯನ್ನು ತಯಾರಕರಿಂದ ಕೇಳಿ ಪಡೆಯಿರಿ. ಎಷ್ಟು ಡಿಗ್ರಿ ತೆರೆದಿರುತ್ತದೆ ಎನ್ನುವ ಡ್ಯುರೇಶನ್ ಒಂದನ್ನೇ ನೋಡಿ ದುಡ್ಡು ಕೊಡಬೇಡಿ.

ಎಕ್ಸಾಸ್ಟ್ ಕಡೆಯದು ಕೊಡುಕೊಳ್ಳುವ ವ್ಯವಹಾರ. ಬೇಗ ತೆರೆದರೆ ಬಿಸಿ ಅನಿಲ ಒತ್ತಡವಿರುವಾಗಲೇ ಟರ್ಬೊ ಸೇರುತ್ತದೆ, ಟರ್ಬೊ ಬೇಗ ಎದ್ದೇಳುತ್ತದೆ. ಆದರೆ ಪಿಸ್ಟನ್ನನ್ನು ಇನ್ನೂ ತಳ್ಳಬಹುದಾಗಿದ್ದ ಶಕ್ತಿ ಅಷ್ಟರಮಟ್ಟಿಗೆ ಸೋರಿತು. ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಓವರ್‌ಲ್ಯಾಪ್ ಡೀಸೆಲ್‌ನಲ್ಲಿ ಕಿರಿದಾಗಿಯೇ ಇರಬೇಕು. ಪಿಸ್ಟನ್ ಮೇಲ್ತುದಿಗೆ ಬಂದಾಗ ಸಿಲಿಂಡರಿನ ಮುಚ್ಚಳವಾದ ಹೆಡ್‌ಗೂ ಅದಕ್ಕೂ ನಡುವೆ ಉಳಿಯುವ ಜಾಗ ಒಂದು ಮಿಲಿಮೀಟರಿನ ಆಸುಪಾಸು. ಅಲ್ಲಿ ವಾಲ್ವ್ ಇಣುಕಿದರೆ ಪಿಸ್ಟನ್ ಬಂದು ಬಡಿಯುತ್ತದೆ. ಅಲ್ಲದೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಒತ್ತಡ ಬೂಸ್ಟ್‌ಗಿಂತ ಹೆಚ್ಚಿದ್ದರೆ ಓವರ್‌ಲ್ಯಾಪ್ ಹೊತ್ತಿನಲ್ಲಿ ಸುಟ್ಟ ಅನಿಲ ಇನ್‌ಟೇಕಿಗೇ ನುಗ್ಗುತ್ತದೆ.

ಇನ್ನು ಸ್ಪ್ರಿಂಗ್. ಕ್ಯಾಮ್ ವಾಲ್ವನ್ನು ತೆರೆಯುತ್ತದೆ, ಮುಚ್ಚುವುದು ಸ್ಪ್ರಿಂಗ್ ಒಂದೇ. 3500 ಆರ್‌ಪಿಎಂನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 29 ಸಲ ತೆರೆದು ಮುಚ್ಚುತ್ತದೆ. ವಾಲ್ವ್, ಟ್ಯಾಪೆಟ್, ಅದರ ಚಲನೆಯನ್ನು ಮೇಲಕ್ಕೆ ಒಯ್ಯುವ ಪುಶ್‌ರಾಡ್ ಇವನ್ನೆಲ್ಲ ತಡೆದು ಹಿಂದಕ್ಕೆ ತರಲು ಬೇಕಾದ ಬಲ ವೇಗದ ವರ್ಗದಂತೆ ಏರುತ್ತದೆ. ಎಂಜಿನ್ 2500ರಿಂದ 3500ಕ್ಕೆ ಹೋದರೆ ವೇಗ 1.4 ಪಟ್ಟು, ಬಲ ಮಾತ್ರ 1.96 ಪಟ್ಟು. ಹಳೆಯ 12 ವಾಲ್ವಿನ ಎಂಜಿನ್ನಿನಲ್ಲಿ ಇಂಧನ ಪಂಪಿನ ವೇಗ ತಡೆಯುವ ಗವರ್ನರ್ ಸ್ಪ್ರಿಂಗ್ ಬದಲಿಸಿ ಆರ್‌ಪಿಎಂ ಮಿತಿ ಏರಿಸಿದವರು ವಾಲ್ವ್ ಸ್ಪ್ರಿಂಗನ್ನು ಹಾಗೆಯೇ ಬಿಟ್ಟಾಗ ಆಗುವ ಅನಾಹುತ ಇದೇ: ಟ್ಯಾಪೆಟ್ ಲೋಬಿನಿಂದ ಹಾರುತ್ತದೆ, ವಾಲ್ವ್ ಸೀಟಿನ ಮೇಲೆ ಪುಟಿಯುತ್ತದೆ, ಪುಶ್‌ರಾಡ್ ಬಾಗುತ್ತದೆ.

ಎರಡನೇ ಶತ್ರು ಅನಿಲದ ಒತ್ತಡ. ಅನಿಲದ ದಾರಿ ತಡೆದು ಗಾಡಿಯನ್ನು ನಿಧಾನಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿದಾಗ ಮ್ಯಾನಿಫೋಲ್ಡಿನಲ್ಲಿ 60 ಪಿಎಸ್‌ಐ (ಚದರ ಇಂಚಿಗೆ 60 ಪೌಂಡ್) ಒತ್ತಡ ಕಟ್ಟಿಕೊಂಡಿತೆನ್ನಿ. ವಾಲ್ವಿನ ತಲೆ 33 ಮಿ.ಮೀ. ಎಂದು ಹಿಡಿದರೆ ಅದರ ವಿಸ್ತೀರ್ಣ ಸುಮಾರು 8.5 ಚದರ ಸೆಂ.ಮೀ. ಪಿಸ್ಟನ್ ಗಾಳಿ ಎಳೆಯುತ್ತಾ ಕೆಳಗಿಳಿಯುವಾಗ ಹಿಂದಿನಿಂದ ಆ ಎಕ್ಸಾಸ್ಟ್ ವಾಲ್ವಿನ ಮೇಲೆ ಬೀಳುವ ಬಲ 36 ಕೆ.ಜಿ., ಅಂದರೆ ಹತ್ತಿರ ಹತ್ತಿರ 80 ಪೌಂಡ್. ಮುಚ್ಚಿದ ಸ್ಥಿತಿಯಲ್ಲಿ 60–70 ಪೌಂಡ್ ಒತ್ತುವ ಸ್ಪ್ರಿಂಗ್ ಅದನ್ನು ತಡೆಯಲಾರದು, ವಾಲ್ವ್ ತಾನಾಗಿ ತೆರೆಯುತ್ತದೆ. ಬೂಸ್ಟ್ ಹೆಚ್ಚಿಸಿದಾಗ ಇನ್‌ಟೇಕ್ ವಾಲ್ವಿಗೂ ಇದೇ ಪಾಡು, ಆದರೆ ಅಲ್ಲಿ ಸಿಲಿಂಡರಿನ ಒಳಗಡೆಯೂ ಒತ್ತಡವಿರುವುದರಿಂದ ಎರಡರ ವ್ಯತ್ಯಾಸವನ್ನಷ್ಟೇ ಎಣಿಸಬೇಕು.

ಹಾಗೆಂದು ಅಂಗಡಿಯಲ್ಲಿರುವ ಅತಿ ಗಟ್ಟಿ ಸ್ಪ್ರಿಂಗ್ ತಂದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಈ ಎಂಜಿನ್ನಿನ ಟ್ಯಾಪೆಟ್ ರೋಲರ್ ಅಲ್ಲ, ಚಪ್ಪಟೆ ಮುಖದ್ದು. ಲೋಬಿನ ಮೇಲೆ ಉಜ್ಜಿಕೊಂಡೇ ಓಡುತ್ತದೆ, ನಡುವೆ ಇರುವುದು ಎಣ್ಣೆಯ ತೆಳು ಪದರ ಮಾತ್ರ. ಸೀಟಿನಲ್ಲಿ, ಅಂದರೆ ವಾಲ್ವ್ ಮುಚ್ಚಿರುವಾಗ, 100 ಪೌಂಡ್, ಇಂಚಿಗೆ 300 ಪೌಂಡ್ ಏರುವ ಸ್ಪ್ರಿಂಗ್ ಆದರೆ 0.4 ಇಂಚು ಲಿಫ್ಟಿನಲ್ಲಿ 220 ಪೌಂಡ್ ಆಯಿತು. ಪುಶ್‌ರಾಡಿಗೂ ವಾಲ್ವಿಗೂ ನಡುವಿನ ಸನ್ನೆಯಾದ ರಾಕರಿನ ಅನುಪಾತ ಸೇರಿ ಲೋಬಿನ ಮೂತಿಯ ಮೇಲೆ ಬೀಳುವುದು ಇನ್ನೂ ಹೆಚ್ಚು. ಪದರ ಹರಿದ ಕಡೆ ಲೋಬಿನಲ್ಲಿ ಮೊದಲು ಸೂಜಿಮೊನೆಯಂಥ ಗುಳಿಗಳು ಏಳುತ್ತವೆ, ಆಮೇಲೆ ಮೂತಿಯೇ ಸವೆದು ದುಂಡಗಾಗುತ್ತದೆ. 3500 ಆರ್‌ಪಿಎಂ ಒಳಗಿನ ಎಳೆತದ ಗಾಡಿಗೆ ಸೀಟಿನಲ್ಲಿ 100–110 ಪೌಂಡ್ ಒತ್ತುವ ಸ್ಪ್ರಿಂಗ್ ಧಾರಾಳ ಸಾಕು. ಅದಕ್ಕಿಂತ ಮೇಲೆ ಹೋಗುವುದಾದರೆ ದಪ್ಪ ಪುಶ್‌ರಾಡ್ ಕೂಡ ಬೇಕು. ಪೂರ್ತಿ ಲಿಫ್ಟಿನಲ್ಲಿ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟದೆ ಒಟ್ಟಾರೆ 1.5 ಮಿ.ಮೀ.ನಷ್ಟಾದರೂ ಸಂದು ಉಳಿಯಬೇಕು. ಸ್ಪ್ರಿಂಗ್ ಕೂರಿಸಿದ ಎತ್ತರವನ್ನು ಪ್ರತಿ ವಾಲ್ವಿಗೂ ಅಳೆಯಿರಿ, ಒಂದನ್ನು ಅಳೆದು ಉಳಿದದ್ದೂ ಅಷ್ಟೇ ಎಂದುಕೊಳ್ಳಬೇಡಿ.

ಸ್ಪ್ರಿಂಗ್ ಬದಲಿಸಲು ಹೆಡ್ ಇಳಿಸಬೇಕಿಲ್ಲ. ಪಿಸ್ಟನ್ನನ್ನು ಮೇಲ್ತುದಿಗೆ ತಂದರೆ ಸ್ಪ್ರಿಂಗ್ ಬಿಚ್ಚಿದ ವಾಲ್ವ್ ಪಿಸ್ಟನ್ ಮೇಲೆಯೇ ಕೂರುತ್ತದೆ, ಒಳಗೆ ಬೀಳುವುದಿಲ್ಲ. 1 ಮತ್ತು 6, 5 ಮತ್ತು 2, 3 ಮತ್ತು 4 ಜೊತೆಜೊತೆಯಾಗಿ ಮೇಲೆ ಬರುವುದರಿಂದ ಕ್ರ್ಯಾಂಕನ್ನು 120 ಡಿಗ್ರಿಯಂತೆ ತಿರುಗಿಸುತ್ತಾ ಮೂರು ಹಂತದಲ್ಲಿ ಮುಗಿಸಬಹುದು. ಬಿಚ್ಚಿದ ವಾಲ್ವ್ ಇರುವಾಗ ಕ್ರ್ಯಾಂಕ್ ಅಲುಗಿಸುವಂತಿಲ್ಲ.

ಕ್ಯಾಮ್ ಕೆಲಸ ಅಷ್ಟು ಸಲೀಸಲ್ಲ. ರೇಡಿಯೇಟರ್, ಇಂಟರ್‌ಕೂಲರ್ ಇಳಿಸಿ ಮುಂದಿನಿಂದ ಎಳೆಯಬೇಕು. ಟ್ಯಾಪೆಟ್‌ಗಳು ಅಣಬೆಯಾಕಾರದವು, ಅಗಲವಾದ ಮುಖ ಕೆಳಗೆ. ಕ್ಯಾಮ್ ಎಳೆದ ಕೂಡಲೇ ಅವು ಕೆಳಗೆ ಉದುರುತ್ತವೆ. ಅದಕ್ಕೇ ಪುಶ್‌ರಾಡ್ ತೂತಿನಿಂದ ಮರದ ಕೋಲು ಇಳಿಸಿ, ಟ್ಯಾಪೆಟ್ಟಿಗೆ ಬಿಗಿಯಾಗಿ ತೂರಿಸಿ ಮೇಲೆತ್ತಿ, ಎರಡೆರಡು ಕೋಲಿಗೆ ರಬ್ಬರ್ ಬ್ಯಾಂಡ್ ಸುತ್ತಿ ನಿಲ್ಲಿಸುತ್ತಾರೆ. ಆದರೆ ಹೊಸ ಕ್ಯಾಮಿಗೆ ಹೊಸ ಟ್ಯಾಪೆಟ್ಟೇ ಆಗಬೇಕು. ಹಳೆಯ ಲೋಬಿಗೆ ಒಗ್ಗಿದ ಮುಖ ಹೊಸ ಲೋಬನ್ನು ತಿಂದುಹಾಕುತ್ತದೆ. ಹಾಗಾಗಿ ಕ್ಯಾಮ್ ಹೊರಬಂದ ಮೇಲೆ ಆ ಸುರಂಗದೊಳಗೆ ಉದ್ದನೆಯ ದೋಣಿಯಂಥ ಕೊಳವೆ ತಳ್ಳಿ, ಹಳೆಯದನ್ನು ಒಂದೊಂದಾಗಿ ಅದರಲ್ಲಿ ಬೀಳಿಸಿ ತೆಗೆದು, ಹೊಸದನ್ನು ಅದೇ ದಾರಿಯಲ್ಲಿ ಒಯ್ಯಬೇಕು.

ಮುಂದಿನ ಗೇರ್ ಕವರ್ ತೆಗೆದಾಗ ಇನ್ನೊಂದನ್ನು ತಪ್ಪದೆ ನೋಡಿ. 12 ವಾಲ್ವಿನ ಎಂಜಿನ್ನಿನಲ್ಲಿ ಗೇರ್ ಕೇಸಿಂಗನ್ನು ಸರಿಯಾಗಿ ಕೂರಿಸಲು ಇಟ್ಟ ಚಿಕ್ಕ ಡವೆಲ್ ಪಿನ್ ಒಂದಿದೆ. ವರ್ಷಗಳ ನಡುಕಕ್ಕೆ ಅದು ಸರಿದು ಟೈಮಿಂಗ್ ಗೇರುಗಳ ನಡುವೆ ಬಿದ್ದು ಕೇಸನ್ನೇ ಒಡೆದದ್ದುಂಟು. ಅಮೆರಿಕದವರು ಅದನ್ನು ಕೊಲೆಗಾರ ಪಿನ್ ಎಂದೇ ಕರೆಯುತ್ತಾರೆ. ಪಕ್ಕದ ಬೋಲ್ಟಿಗೆ ಸಿಕ್ಕಿಸಿದ ತಗಡಿನ ತುಂಡೊಂದು ಅದನ್ನು ಶಾಶ್ವತವಾಗಿ ಅಲ್ಲೇ ಹಿಡಿದಿಡುತ್ತದೆ.

ಕ್ಯಾಮ್ ಗೇರನ್ನು ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಒಲೆಯಲ್ಲಿ ಕಾಯಿಸಿ ಶಾಫ್ಟಿಗೆ ಇಳಿಸಿ. ಗ್ಯಾಸ್ ಬೆಂಕಿ ಹಿಡಿದರೆ ಹಲ್ಲಿನ ಗಡಸು ಹೋಗುತ್ತದೆ. ಗೇರುಗಳ ಗುರುತುಗಳನ್ನು ಕೂಡಿಸಿದ ಮೇಲೂ ತಿರುಗುವ ಕೋನ ಅಳೆಯುವ ಡಿಗ್ರಿ ವೀಲ್ ಮತ್ತು ಏರಿಕೆ ಅಳೆಯುವ ಡಯಲ್ ಗೇಜ್ ಇಟ್ಟು ತಯಾರಕರ ಕಾರ್ಡಿನೊಂದಿಗೆ ತಾಳೆ ನೋಡಿ. ವಾಲ್ವ್–ಪಿಸ್ಟನ್ ಅಂತರವನ್ನು ಎಕ್ಸಾಸ್ಟ್ ಸ್ಟ್ರೋಕಿನ ಮೇಲ್ತುದಿಗೆ ಹಿಂದೆ ಮುಂದೆ 20 ಡಿಗ್ರಿ ತಿರುಗಿಸುತ್ತಾ ಅಳೆಯಬೇಕು, ಮೇಲ್ತುದಿಯಲ್ಲಿ ಮಾತ್ರ ಅಳೆದರೆ ಅತಿ ಕಡಿಮೆ ಅಂತರ ತಪ್ಪಿಹೋಗಬಹುದು.

ಲೋಬ್‌ಗಳಿಗೆ, ಟ್ಯಾಪೆಟ್ ಮುಖಗಳಿಗೆ ಜೋಡಣೆಯ ಪೇಸ್ಟ್ ದಪ್ಪಗೆ ಹಚ್ಚಿ. ಸತು–ರಂಜಕದ ಸಂಯುಕ್ತ ಹೆಚ್ಚಿರುವ ಎಣ್ಣೆ ಬೇಕು. ಡೀಸೆಲ್ ಎಂಜಿನ್ ಎಣ್ಣೆಯ 2006ರ ಸಿಜೆ–4 ದರ್ಜೆ ರಂಜಕವನ್ನು ಶೇ. 0.12ಕ್ಕೆ ಮಿತಿಗೊಳಿಸಿತು, ಹಾಗಾಗಿ ಹೊಸ ಕ್ಯಾಮನ್ನು ಹದಗೊಳಿಸುವ ಹೊತ್ತಿಗೆಂದೇ ಮಾಡಿದ ಎಣ್ಣೆ ಕೊಳ್ಳುವುದು ಕ್ಷೇಮ. ಎಂಜಿನ್ ಹೊತ್ತಿದ ಕೂಡಲೇ ಐಡ್ಲಿಂಗಿನಲ್ಲಿ ಬಿಡದೆ 1500–2000 ಆರ್‌ಪಿಎಂ ನಡುವೆ ಏರಿಳಿಸುತ್ತಾ 20ರಿಂದ 30 ನಿಮಿಷ ಓಡಿಸಿ. ಐಡ್ಲಿಂಗಿನಲ್ಲಿ ಲೋಬಿಗೆ ಎಣ್ಣೆ ಸಿಡಿಯುವುದು ಕಡಿಮೆ. ಆಮೇಲೆ ಎಣ್ಣೆ ಬದಲಿಸಿ, ಫಿಲ್ಟರನ್ನು ಕೊಯ್ದು ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮಿನುಗುವ ಬೂದುಬಣ್ಣದ ಹುಡಿ ಮೊದಲ ಸಲ ಸ್ವಲ್ಪ ಕಂಡರೆ ಗಾಬರಿ ಬೇಡ. ಉಗುರಿಗೆ ಚುಚ್ಚುವ ಚೂರುಗಳು ಸಿಕ್ಕರೆ ಎಂಜಿನ್ ಮತ್ತೆ ಹೊತ್ತಿಸಬೇಡಿ.

ಕಾರ್ಖಾನೆಯ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ರಾಕರಿಗೂ ವಾಲ್ವಿಗೂ ನಡುವೆ ಬಿಡುವ ಸಂದು, ಇನ್‌ಟೇಕಿಗೆ 0.010 ಇಂಚು, ಎಕ್ಸಾಸ್ಟಿಗೆ 0.020 ಇಂಚು. ಹೊಸ ಕ್ಯಾಮಿನ ಕಾರ್ಡಿನಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ, ಮತ್ತು ಮೊದಲ ಕೆಲವು ನೂರು ಕಿಲೋಮೀಟರ್ ಓಡಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಫೀಲರ್ ಗೇಜ್ ಹಾಕಿ ಮತ್ತೊಮ್ಮೆ ನೋಡಿ. ಯಾವುದಾದರೂ ಒಂದು ವಾಲ್ವಿನ ಸಂದು ಮಾತ್ರ ಹೆಚ್ಚಾಗಿದ್ದರೆ, ಅಲ್ಲಿ ಲೋಬ್ ಇಲ್ಲವೇ ಟ್ಯಾಪೆಟ್ ಸವೆಯತೊಡಗಿದೆ.